ಬೇರೆಯವರ ಹೆಸರಿನ ವಿ.ಪಿ.ಪಿ.

— ಅಕ್ಕಾ, ಬಿಡುವಾಗಿದ್ದೀರಾ? ರಜೆಗೆ ಬಂದವರಿಗೆ ಕೆಲಸ ಹಚ್ಚೋಕೆ ಬಂದೆ.

— ಮಳೆ ನೋಡ್ತಾ ಕೂತಿದ್ದೀನಿ, ಬೇರೆ ಕೆಲಸ ಏನಿಲ್ಲ. ನೀನು ನೆನೆದು, ಲ್ಯಾಪ್‌ಟಾಪಿಗೆ ಪ್ಲಾಸ್ಟಿಕ್ ಸುತ್ಕೊಂಡು ಬಂದಿದ್ದೀಯ ಅಂದ್ರೆ ಏನೋ ಕೆಟ್ಟಿದೆ. ಹೇಳು ಮಾರಾಯ.

— ಸರ್ವರ್ ಬಾಡಿಗೆಗೆ ಕೊಟ್ಟ ಕಂಪನಿಯವರು ಮೇಲ್ ಹಾಕಿದ್ದಾರೆ. ನಮ್ಮ ಸರ್ವರ್‌ನಿಂದ ಬೇರೆಯವರ ಮೇಲೆ ದಾಳಿ ಆಗ್ತಿದೆಯಂತೆ, 24 ಗಂಟೆ ಒಳಗೆ ಸರಿಮಾಡದಿದ್ರೆ ಲೈನ್ ತೆಗೀತಾರಂತೆ. ನಾನು ಯಾರ ಮೇಲೆ ದಾಳಿ ಮಾಡ್ಲಿ ಅಕ್ಕ? ಅದರಲ್ಲಿರೋದು ಅಡಿಕೆ ಸೊಸೈಟಿಯ ದಿನದ ಧಾರಣೆ. ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು. ಜೊತೆಗೆ ಎರಡು ಹೋಂಸ್ಟೇ, ಒಂದು ವಾರಪತ್ರಿಕೆ. ಅಷ್ಟೇ.

— ಮೇಲ್ ಬಂದದ್ದು ಯಾವಾಗ?

— ನಿನ್ನೆ ಸಂಜೆ. ಆದ್ರೆ ನಾನೇನು ಸುಮ್ನೆ ಕೂತಿಲ್ಲ. ರಾತ್ರಿಯೆಲ್ಲ ಲಾಗ್ ನೋಡಿದೆ. ಡಿಎನ್‌ಎಸ್ ಪ್ರಶ್ನೆಗಳು ಹಂಚಿನ ಮೇಲೆ ಮಳೆ ಬಿದ್ದ ಹಾಗೆ ಬೀಳ್ತಿದ್ವು. ಕೇಳ್ತಿದ್ದೋರ ವಿಳಾಸ ಒಂದೊಂದಾಗಿ ಹೆಕ್ಕಿ ಫೈರ್‌ವಾಲ್‌ಗೆ ಹಾಕಿದೆ. ಕೈ ಸೋತು ಕೊನೆಗೆ ಒಂದು ಸ್ಕ್ರಿಪ್ಟ್ ಬರೆದೆ. ನಿಮಿಷಕ್ಕೆ ನೂರು ಪ್ರಶ್ನೆ ದಾಟಿದವನು ಯಾರೇ ಆಗ್ಲಿ, ಅವನನ್ನೂ ಅವನ ಅಕ್ಕಪಕ್ಕದ 256 ವಿಳಾಸದ ಇಡೀ ಕೇರಿಯನ್ನೂ ಬ್ಲಾಕ್. ಬೆಳಗಾಗೋ ಹೊತ್ತಿಗೆ 412 ಕೇರಿ ಹೊರಗೆ.

— ಅವರೆಲ್ಲ ಕಳ್ಳರು?

— ಮತ್ತೆ? ಲಾಗಿನಲ್ಲೇ ಇದೆಯಲ್ಲ, ಯಾರು ಕೇಳಿದ್ದು ಅಂತ.

— ಹೂಂ. ನಿಮ್ಮಜ್ಜನ ಕಾಲದ ಒಂದು ಕಿತಾಪತಿ ಹೇಳ್ತೀನಿ, ಕೇಳು. ಪತ್ರಿಕೆಗಳ ಹಿಂದಿನ ಪುಟದಲ್ಲಿ ವಿ.ಪಿ.ಪಿ. ಜಾಹೀರಾತು ಬರ್ತಿತ್ತು. ಒಂದು ಕಾರ್ಡು ಗೀಚಿ ಡಬ್ಬಿಗೆ ಹಾಕಿದ್ರೆ ಸಾಕು, ಗಡಿಯಾರನೋ ರೇಡಿಯೋನೋ ಮನೆಬಾಗಿಲಿಗೆ, ದುಡ್ಡು ಪೋಸ್ಟ್‌ಮ್ಯಾನ್ ಕೈಗೆ. ಕೆಲವು ಪೋಕರಿಗಳು ತಮಗಾಗದವರ ವಿಳಾಸ ಬರೆದು ಕಾರ್ಡು ಹಾಕೋರು. ನಮ್ಮೂರ ಮೇಷ್ಟ್ರೊಬ್ಬರ ಮನೆಗೆ ಒಂದೇ ವಾರದಲ್ಲಿ ಐದು ಪಾರ್ಸೆಲ್ ಬಂದಿತ್ತಂತೆ. "ನಾನು ತರಿಸಿಲ್ಲ" ಅಂತ ಹೇಳಿ ಹೇಳಿ ಅವರ ಗಂಟಲು ಒಣಗಿತ್ತಂತೆ. ಈಗ ಆ ಗಡಿಯಾರದ ಕಂಪನಿಯವನು ತನ್ನ ರಿಜಿಸ್ಟರ್ ತೆಗೆದು ನೋಡಿದ್ರೆ ಯಾರ ಹೆಸರಿರುತ್ತೆ?

— ಮೇಷ್ಟ್ರದ್ದು.

— ನೀನು ರಾತ್ರಿಯೆಲ್ಲ ನಿದ್ದೆಗೆಟ್ಟು ಬ್ಲಾಕ್ ಮಾಡಿದ್ದು ಮೇಷ್ಟ್ರನ್ನ. ಮೇಷ್ಟ್ರ ಕೇರಿ ಸಮೇತ.

— ಅಂದ್ರೆ ಆ ವಿಳಾಸಗಳು ಸುಳ್ಳಾ?

— ವಿಳಾಸ ನಿಜ, ಬರೆದ ಕೈ ಬೇರೆ. ಡಿಎನ್‌ಎಸ್ ಪ್ರಶ್ನೆ ಸಾಮಾನ್ಯವಾಗಿ ಯುಡಿಪಿಯಲ್ಲಿ ಬರುತ್ತೆ, 53ನೇ ಪೋರ್ಟಿಗೆ. ಟಿಸಿಪಿ ಆಗಿದ್ರೆ ಮೊದಲು ಎರಡೂ ಕಡೆಯವರು "ಇದ್ದೀಯಾ", "ಇದ್ದೀನಿ, ನೀನು?", "ನಾನೂ ಇದ್ದೀನಿ" ಅಂತ ಮೂರು ಮಾತು ಆಡ್ಕೋಬೇಕು. ಸುಳ್ಳು ವಿಳಾಸ ಬರೆದವನ ಕೈಗೆ ಎರಡನೇ ಮಾತೇ ಸಿಗಲ್ಲ, ಆಟ ಅಲ್ಲಿಗೇ ಮುಗೀತು. ಯುಡಿಪಿಗೆ ಆ ಕಷ್ಟಸುಖ ವಿಚಾರಿಸೋ ಅಭ್ಯಾಸ ಇಲ್ಲ. ಕಾರ್ಡು ಬಂತು, ಅದರ ಮೇಲಿದ್ದ ವಿಳಾಸಕ್ಕೆ ಉತ್ತರ ಹೋಯ್ತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಹೆಸರಿಗೆ ವಿಳಾಸ ಹುಡುಕಿಕೊಡೋ ಈ ಡಿಎನ್‌ಎಸ್ ರೂಪಿಸಿದಾಗ ನೆಟ್‌ವರ್ಕಿನಲ್ಲಿ ಇದ್ದವರು ಹೆಚ್ಚುಕಡಿಮೆ ಎಲ್ಲ ಗುರುತಿನವರೇ. ಅದಕ್ಕೂ ಮುಂಚೆ ಇನ್ನೂ ಸರಳ. ಯಾವ ಯಂತ್ರದ ವಿಳಾಸ ಯಾವುದು ಅನ್ನೋದಕ್ಕೆ ಒಂದೇ ಒಂದು ಫೈಲು, ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯಲ್ಲಿ, ಎಲಿಜಬೆತ್ ಫೀನ್ಲರ್ ಅವರ ತಂಡದ ಹತ್ತಿರ. ಹೊಸ ಯಂತ್ರ ಬಂದ್ರೆ ಅವರಿಗೆ ತಿಳಿಸಬೇಕು, ಅವರು ಫೈಲಿಗೆ ಸೇರಿಸಬೇಕು. ಅಂಥ ಕಾಲದಲ್ಲಿ ಕಟ್ಟಿದ ಮನೆಗೆ ಚಿಲಕ ಯಾರು ಇಡ್ತಾರೆ?

— ಸರಿ, ಆದ್ರೆ ಅವನಿಗೆ ನನ್ನ ಸರ್ವರ್ ಯಾಕೆ? ನೇರವಾಗಿ ಮೇಷ್ಟ್ರ ಮನೆಗೇ ಕಲ್ಲು ಹೊಡೀಬಹುದಲ್ಲ.

— ಕಾರ್ಡಿನ ತೂಕ ಎಷ್ಟು, ಪಾರ್ಸೆಲ್ ತೂಕ ಎಷ್ಟು ನೋಡಿದ್ರೆ ಗೊತ್ತಾಗುತ್ತೆ. ಲ್ಯಾಪ್‌ಟಾಪ್ ಬಿಚ್ಚು. ಟಿಸಿಪಿಡಂಪ್ ಓಡಿಸು, 53ನೇ ಪೋರ್ಟು ಮಾತ್ರ.

— ಓಡಿಸಿದೆ... ನೋಡಿ, ಹೇಗೆ ಸುರೀತಿದೆ. ಇನ್ನೊಂದು ವಿಷಯ ಹೇಳಬೇಕಿತ್ತು ಅಕ್ಕ, ಇದರ ಜೊತೆ ಎರಡನೇ ದಾಳಿನೂ ನಡೀತಿದೆ. ಇಲ್ನೋಡಿ, ಐಪಿ ವಿಳಾಸಗಳನ್ನ ಹಿಂದುಮುಂದು ಮಾಡಿ ಬರೆದು ಕೊನೆಗೆ 'ಅರ್ಪಾ' ಅಂತ ಹಾಕಿದ್ದಾನೆ. ಸಾಲುಸಾಲು.

— ಅದನ್ನ ಕೇಳ್ತಿರೋದು ನೀನೇ.

— ನಾನಾ?

— ಟಿಸಿಪಿಡಂಪ್‌ಗೆ 'ಎನ್' ಅನ್ನೋ ಆಯ್ಕೆ ಕೊಡದಿದ್ರೆ ಅದು ಪರದೆ ಮೇಲೆ ಬಂದ ಪ್ರತಿ ವಿಳಾಸಕ್ಕೂ ಹೆಸರೇನು ಅಂತ ವಿಚಾರಿಸೋಕೆ ಹೋಗುತ್ತೆ. ವಿಚಾರಿಸೋದು ಎಲ್ಲಿ? ಡಿಎನ್‌ಎಸ್‌ನಲ್ಲೇ. ಆ ಪ್ರಶ್ನೆಯೂ 53ನೇ ಪೋರ್ಟಿನಲ್ಲೇ ಹೋಗಿ ಇದೇ ಪರದೆ ಮೇಲೆ ಬೀಳುತ್ತೆ. ದೆವ್ವ ಹುಡುಕೋಕೆ ಹೋದವನು ತನ್ನ ಚಪ್ಪಲಿ ಸದ್ದಿಗೆ ಬೆಚ್ಚಿದ ಹಾಗೆ. ನಿಲ್ಲಿಸು, 'ಎನ್' ಹಾಕಿ ಮತ್ತೆ ಓಡಿಸು.

— ಅಯ್ಯೋ, ಹೋಯ್ತು! ಎರಡನೇ ದಾಳಿ ಹೋಯ್ತು.

— ನಾಚ್ಕೋಬೇಡ. ನಾನೂ ಒಮ್ಮೆ ಹೀಗೇ ಬೆಚ್ಚಿದ್ದೀನಿ, ಅದೂ ಬಾಸ್ ಬೆನ್ನ ಹಿಂದೆ ನಿಂತಿದ್ದಾಗ. ಈಗ ಒಂದೇ ಒಂದು ಸಾಲು ನಿಧಾನಕ್ಕೆ ಓದು.

— ಕಳಿಸಿದವನ ವಿಳಾಸ ಒಂದು, ಪೋರ್ಟ್ 80. ಪ್ರಶ್ನೆಯಲ್ಲಿರೋ ಡೊಮೇನ್ ನಮ್ಮದಲ್ಲ, ನಾನು ಹೆಸರೇ ಕೇಳಿಲ್ಲ. ಬಗೆ 'ಎನಿ'. ಅಳತೆ 64 ಬೈಟ್. ಅದರ ಕೆಳಗೆ ನಮ್ಮ ಉತ್ತರ... 3,000 ದಾಟಿದೆ.

— ಅಲ್ಲಿದೆ ಅವನ ಲಾಭ. 'ಎನಿ' ಅಂದ್ರೆ, ಈ ಹೆಸರಿನ ಬಗ್ಗೆ ನಿನ್ನ ಹತ್ತಿರ ಏನೇನಿದೆಯೋ ಎಲ್ಲ ಕೊಡು. 64 ಹಾಕಿದ್ರೆ 3,000, ಒಂದಕ್ಕೆ ಹತ್ತಿರಹತ್ತಿರ 47. ಅವನು ಸೆಕೆಂಡಿಗೆ 2 ಮೆಗಾಬಿಟ್ ಕಾರ್ಡು ಹಾಕಿದ್ರೆ ಮೇಷ್ಟ್ರ ಬಾಗಿಲಿಗೆ ಬೀಳೋ ಪಾರ್ಸೆಲ್ 90 ಮೆಗಾಬಿಟ್ ಮೇಲೆ. ಹಳೇ ಕಟ್ಟಳೆಯಲ್ಲಿ ಇಷ್ಟು ದೊಡ್ಡ ಉತ್ತರ ಕೊಡೋ ಹಾಗೇ ಇರಲಿಲ್ಲ. 1987ರ ನಿಯಮದ ಪ್ರಕಾರ ಯುಡಿಪಿ ಉತ್ತರ 512 ಬೈಟ್ ದಾಟಬಾರದು. 1999ರಲ್ಲಿ ಇಡಿಎನ್‌ಎಸ್ ಅನ್ನೋ ವಿಸ್ತರಣೆ ಬಂತು. ಪ್ರಶ್ನೆ ಕೇಳೋವನೇ "ನನ್ನ ಚೀಲ ಇಷ್ಟು ದೊಡ್ಡದು, ಅಷ್ಟು ತುಂಬಿಸು" ಅನ್ನಬಹುದು. ಉತ್ತರದ ಜೊತೆ ಸಹಿ ಕಳಿಸೋ ಡಿಎನ್‌ಎಸ್‌ಸೆಕ್‌ಗೆ ಆ ಚೀಲ ಬೇಕೇ ಬೇಕಿತ್ತು. ಹೊಲಿಸಿದ್ದು ಅದಕ್ಕೆ, ಕಳ್ಳನಿಗೂ ಆಯ್ತು.

— 80 ಯಾಕೆ ಅಕ್ಕ? ಅದು ವೆಬ್‌ಸೈಟಿನ ಪೋರ್ಟಲ್ವಾ?

— ಅದು ಕಣ್ಣಿಗೆ ಬಿತ್ತಲ್ಲ, ಅರ್ಧ ರೋಗ ಸಿಕ್ಕಿತು. ನಿಜವಾದ ರಿಸಾಲ್ವರ್, ಅಂದ್ರೆ ಜನರ ಪರವಾಗಿ ಹೆಸರು ವಿಚಾರಿಸೋ ಸರ್ವರ್, ಪ್ರತಿ ಸಲ ಬೇರೆ ಬೇರೆ ಪೋರ್ಟಿನಿಂದ ಕೇಳುತ್ತೆ, ಊಹಿಸೋಕಾಗದ ದೊಡ್ಡ ದೊಡ್ಡ ಸಂಖ್ಯೆ. 2008ರಲ್ಲಿ ಡ್ಯಾನ್ ಕಮಿನ್‌ಸ್ಕಿ ರಿಸಾಲ್ವರ್‌ನ ಕ್ಯಾಶ್‌ಗೆ ಸುಳ್ಳು ಉತ್ತರ ತುರುಕೋದು ಎಷ್ಟು ಸುಲಭ ಅಂತ ತೋರಿಸಿದ ಮೇಲೆ ಎಲ್ಲರೂ ಗಡಿಬಿಡಿಯಲ್ಲಿ ಈ ಪದ್ಧತಿಗೆ ಬಂದ್ರು. ಇಲ್ಲಿ ನೋಡು. ಒಂದೇ ಪೋರ್ಟು, ಒಂದೇ ಹೆಸರು, ಒಂದೇ ಬಗೆ, ಪ್ರಶ್ನೆಯ ಗುರುತು ಸಂಖ್ಯೆ ಕೂಡ ಒಂದೇ. ಯಾರೋ ಧಾರಣೆ ನೋಡೋಕೆ ಬಂದದ್ದಲ್ಲ, ಪ್ರೆಸ್ಸಲ್ಲಿ ಅಚ್ಚು ಹಾಕಿಸಿದ ಕಾರ್ಡು. 80 ಅಂತ ಬರೆದದ್ದು ಯಾಕೆ ಅಂದ್ರೆ ಮೇಷ್ಟ್ರ ಮನೇಲಿ ವೆಬ್‌ಸೈಟ್ ಇರಬೇಕು, ಆ ಬಾಗಿಲು ಹಗಲೂರಾತ್ರಿ ತೆರೆದಿರುತ್ತೆ. ಇನ್ನೂ ವಿವರವಾಗಿ ತೋರಿಸು ಅಂತ ಕೇಳು ಅದನ್ನ. ಹಾಂ, ಟಿಟಿಎಲ್ ಕಾಲಂ ನೋಡು. ಒಂದೊಂದು ರೌಟರ್ ದಾಟಿದಾಗಲೂ ಒಂದೊಂದು ಕಳೆಯುತ್ತೆ ಅದು.

— ಎಲ್ಲದರಲ್ಲೂ 244.

— ವಿಳಾಸ ಮಾತ್ರ ಒಂದು ಬ್ರೆಜಿಲ್, ಒಂದು ಜರ್ಮನಿ, ಒಂದು ಮುಂಬೈ. ಹತ್ತು ಊರಿನ ಹೆಸರು ಬರೆದ ಹತ್ತು ಕಾರ್ಡಿನ ಮೇಲೂ ಒಂದೇ ಅಂಚೆ ಮುದ್ರೆ.

— ಹಾಗಾದ್ರೆ ಅಂಚೆಯವರೇ ಹಿಡೀಬಹುದಲ್ಲ?

— ಹಿಡೀಬಹುದು. ಸಾಗರದ ಡಬ್ಬಿಗೆ ಬಿದ್ದ ಕಾರ್ಡಿನಲ್ಲಿ ಕಳಿಸಿದವರ ಊರು ಬರ್ಲಿನ್ ಅಂತಿದ್ರೆ ಸಾಗರದಲ್ಲೇ ತೆಗೆದಿಡಬೇಕು, ಅಷ್ಟೇ ಇದರ ತಾತ್ಪರ್ಯ. ಪಾಲ್ ಫರ್ಗುಸನ್, ಡೇನಿಯಲ್ ಸೆನಿ ಅನ್ನೋ ಇಬ್ಬರು 2000ನೇ ಇಸವಿ ಮೇ ತಿಂಗಳಲ್ಲೇ ಇದನ್ನ ಬರೆದಿಟ್ಟಿದ್ದಾರೆ. ಆರ್‌ಎಫ್‌ಸಿ 2827, ನಮ್ಮ ಕಸುಬಿನವರ ಬಾಯಲ್ಲಿ 'ಬಿಸಿಪಿ 38'. ಬಹಳ ಜನ ಮಾಡಿದ್ದಾರೆ, ಕೆಲವರು ಮಾಡಿಲ್ಲ, ಆ ಕೆಲವರೇ ಕಳ್ಳನಿಗೆ ಸಾಕು. ನನಗೆ ಸಿಟ್ಟು ಬರೋದು ಇದಕ್ಕೇ. ಬೇಲಿ ಹಾಕೋ ಖರ್ಚು ಇವರದ್ದು, ದನ ನುಗ್ಗೋದು ಇನ್ಯಾರದ್ದೋ ಗದ್ದೆಗೆ. ಆ ಬೇಲಿ ಯಾವತ್ತು ಏಳುತ್ತೆ ಹೇಳು? ಕಾಲು ಶತಮಾನ ಆಯ್ತು.

— ನನ್ನ ಕಥೆನೂ ಅದೇ ಅಕ್ಕ. ನಮ್ಮ ಸೈಟ್ ಏನೂ ನಿಧಾನ ಆಗಿರ್ಲಿಲ್ಲ. ಮೇಲ್ ಬರದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ.

— ಗೊತ್ತಾಗದ ಹಾಗೆ ಬಳಸ್ಕೊಳ್ಳೋದರಲ್ಲೇ ಇರೋದು ಅವರ ಜಾಣತನ. 2013ರ ಮಾರ್ಚ್‌ನಲ್ಲಿ ಸ್ಪ್ಯಾಮ್‌ಹೌಸ್ ಮೇಲೆ ದಾಳಿ ಆಯ್ತು. ಸ್ಪ್ಯಾಮ್ ಕಳಿಸೋರ ವಿಳಾಸಗಳ ಪಟ್ಟಿ ಇಟ್ಟು ಜಗತ್ತಿಗೆ ಹಂಚೋ ಸಂಸ್ಥೆ ಅದು, ಶತ್ರುಗಳಿಗೆ ಬರ ಇಲ್ಲ. ಅವರ ರಕ್ಷಣೆಗೆ ನಿಂತ ಕ್ಲೌಡ್‌ಫ್ಲೇರ್ ಮೊದಲ ಅಲೆಯಲ್ಲಿ ಎಣಿಸಿದ್ದು ಸೆಕೆಂಡಿಗೆ 75 ಗಿಗಾಬಿಟ್. ಆಮೇಲೆ 300ರವರೆಗೂ ಹೋಯ್ತು ಅಂತ ಆಗ ವರದಿಯಾಗಿತ್ತು. ಆದ್ರೆ ನನ್ನ ತಲೇಲಿ ಉಳಿದಿರೋ ಲೆಕ್ಕ ಅದಲ್ಲ. ಆ 75 ಗಿಗಾಬಿಟ್ ಬಂದದ್ದು 30,000ಕ್ಕೂ ಹೆಚ್ಚು ಡಿಎನ್‌ಎಸ್ ಸರ್ವರ್‌ಗಳಿಂದ. ತಲೆಗೆ ಎಷ್ಟಾಯ್ತು?

— ಎರಡೂವರೆ ಮೆಗಾಬಿಟ್.

— ಅಷ್ಟೇ. ಒಬ್ಬರು ಯೂಟ್ಯೂಬ್ ನೋಡಿದಷ್ಟು. ಯಾವ ಕಾಲೇಜಿನ, ಯಾವ ಕಾರ್ಖಾನೆಯ ಸರ್ವರ್ ನೋಡ್ಕೊಳ್ಳೋವನಿಗೆ ಎರಡೂವರೆ ಮೆಗಾಬಿಟ್ ಹೆಚ್ಚಾದದ್ದು ಗೊತ್ತಾಗುತ್ತೆ? 30,000 ಜನಕ್ಕೂ ಅವತ್ತು ನಿನ್ನ ಹಾಗೇ ಎಲ್ಲ ಸರಿಯಾಗಿತ್ತು. ಅದೇ ವರ್ಷ ಓಪನ್ ರಿಸಾಲ್ವರ್ ಪ್ರಾಜೆಕ್ಟ್‌ನವರು ಎಣಿಸಿದಾಗ ಕೇಳಿದ್ದಕ್ಕೆಲ್ಲ ಉತ್ತರ ಕೊಡೋ ಯಂತ್ರಗಳು ಸುಮಾರು 2.7 ಕೋಟಿ ಸಿಕ್ಕಿದ್ವು. ಬಹುಪಾಲು ಮನೆಗಳ ರೌಟರ್.

— ನಾನು ಯಾಕೆ ಆ ಲೆಕ್ಕಕ್ಕೆ ಸೇರಿದೆ? ನಮ್ಮದು ನಮ್ಮ ಡೊಮೇನ್‌ಗಳಿಗೆ ಉತ್ತರ ಕೊಡೋ ಸರ್ವರ್ ಅಷ್ಟೇ.

— ಕಾನ್ಫಿಗ್ ಫೈಲು ತೆಗಿ. ತಂತ್ರಾಂಶ ಬೈಂಡ್ ತಾನೇ? ರಿಕರ್ಷನ್ ಅನ್ನೋ ಪದ ಹುಡುಕು.

— ಇದೆ... 'ಅಲೋ ರಿಕರ್ಷನ್, ಎನಿ'. ಇದನ್ನ ನಾನೇ ಬರೆದಿದ್ದೀನಾ?

— ಬೈಂಡ್ ತಾನಾಗಿ ಹಾಗೆ ಬರ್ಕೊಳ್ಳಲ್ಲ. 2007ರ 9.4ರಿಂದೀಚೆಗೆ ಏನೂ ಹೇಳದಿದ್ರೆ ಅದು ತನ್ನ ಮನೆಯವರಿಗೆ ಮಾತ್ರ ಆ ಸೇವೆ ಕೊಡುತ್ತೆ.

— ನೆನಪಾಯ್ತು. ಕೋವಿಡ್ ಟೈಮಲ್ಲಿ ಮನೇಲಿ ನೆಟ್ ಕೈಕೊಡ್ತಿತ್ತು, ಲ್ಯಾಪ್‌ಟಾಪಿಗೆ ಈ ಸರ್ವರನ್ನೇ ಡಿಎನ್‌ಎಸ್ ಅಂತ ಕೊಟ್ಟಿದ್ದೆ. ಆಗಲಿಲ್ಲ. ಎಲ್ಲೋ ನೋಡಿ ಈ ಸಾಲು ಹಾಕಿದೆ, ಆಯ್ತು. ತೆಗೆಯೋದು ಮರೆತೆ.

— ಒಂದೇ ಯಂತ್ರಕ್ಕೆ ಎರಡು ಉದ್ಯೋಗ ಕೊಟ್ಟೆ. ಒಂದು ಶಾನುಭೋಗಿಕೆ. ತನ್ನ ಗ್ರಾಮದ ಸರ್ವೆ ನಂಬರ್ ಯಾರು ಬಂದು ಕೇಳಿದ್ರೂ ಹೇಳಬೇಕು, ಬೇರೆ ಗ್ರಾಮದ್ದು ಕೇಳಿದ್ರೆ "ನಂದಲ್ಲ" ಅನ್ನಬೇಕು. ಇನ್ನೊಂದು ತಾಲ್ಲೂಕು ಕಚೇರಿ ಸುತ್ತೋ ಏಜೆಂಟನ ಕೆಲಸ. ಯಾವ ಊರಿನ ಪಹಣಿಯಾದ್ರೂ ಓಡಾಡಿ ತಂದುಕೊಡೋದು. ಏಜೆಂಟ್ ತನ್ನ ಗಿರಾಕಿಗೆ ಮಾತ್ರ ಓಡಬೇಕು. ನಿನ್ನವನು ದಾರಿಹೋಕರಿಗೆಲ್ಲ ಓಡ್ತಿದ್ದ, ಬಿಟ್ಟಿಗೆ. ಈಗ ಈ ಸರ್ವರ್‌ನಲ್ಲಿ ರಿಕರ್ಷನ್ ಪೂರ್ತಿ ನಿಲ್ಲಿಸು. ಏಜೆಂಟ್ ಬೇಕಾದ್ರೆ ಬೇರೆ ಕಡೆ, ಒಳಗಿನವರಿಗೆ ಮಾತ್ರ ಇಟ್ಕೋ.

— ನಿಲ್ಲಿಸಿದೆ. ರೀಲೋಡ್ ಮಾಡಿದೆ. ಡಿಗ್ ಹಾಕಿ ನೋಡ್ತೀನಿ... ಅಕ್ಕ, ಇನ್ನೂ ಉತ್ತರ ಬರ್ತಿದೆಯಲ್ಲ!

— ಎಲ್ಲಿಂದ ಕೇಳಿದೆ?

— ಸರ್ವರ್ ಒಳಗಿಂದಲೇ... ಓ, ಒಳಗಿನ ಪ್ರಶ್ನೆ ಬೇರೆ ರಿಸಾಲ್ವರ್‌ಗೆ ಹೋಗ್ತಿದೆ.

— ಮನೆ ಬೀಗ ಹಾಕಿದೆಯಾ ಅಂತ ಅಡುಗೆಮನೇಲಿ ನಿಂತು ನೋಡಬಾರದು. ಇಗೋ, ನನ್ನ ಫೋನಿನ ಹಾಟ್‌ಸ್ಪಾಟ್. ಲ್ಯಾಪ್‌ಟಾಪಿಂದ, ಸರ್ವರ್ ವಿಳಾಸ ಕೊಟ್ಟು, ನಮ್ಮದಲ್ಲದ ಒಂದು ಹೆಸರು ಕೇಳು.

— 'ರೆಫ್ಯೂಸ್ಡ್'. ನಮ್ಮ ಸೊಸೈಟಿ ಹೆಸರು ಕೇಳಿದ್ರೆ ಉತ್ತರ ಬರ್ತಿದೆ. ಸರಿ ಹೋಯ್ತು! ಆದ್ರೆ ಟಿಸಿಪಿಡಂಪ್‌ನಲ್ಲಿ ಪ್ರಶ್ನೆಗಳು ಇನ್ನೂ ಹಾಗೇ ಬರ್ತಿವೆ.

— ಬರ್ತಾವೆ. ಅಂಗಡಿ ಮುಚ್ಚಿದ್ದು ಅವನ ಪಟ್ಟಿಗೆ ಇನ್ನೂ ಗೊತ್ತಿಲ್ಲ. ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಬರುತ್ತೆ. ಈಗ ಹೊರಗೆ ಹೋಗೋ ಉತ್ತರದ ಅಳತೆ ನೋಡು.

— 64ಕ್ಕೆ 64.

— ಕಾರ್ಡಿಗೆ ಕಾರ್ಡು. ಅವನಿಗೆ ಇನ್ನು ನಿನ್ನಿಂದ ಲಾಭ ಇಲ್ಲ. 'ನನಗೆ ಗೊತ್ತಿಲ್ಲ' ಅನ್ನೋದನ್ನೂ ಚಿಕ್ಕದಾಗಿ ಹೇಳಬೇಕು, ಗೊತ್ತಾ? 2009ರ ಜನವರಿಯಲ್ಲಿ ನಮ್ಮ ಲಾಗ್‌ಗಳ ತುಂಬ ಒಂದೇ ಒಂದು ಚುಕ್ಕಿ. ಹೆಸರಿನ ಜಾಗದಲ್ಲಿ ಬರೀ ಚುಕ್ಕಿ, ಅಂದ್ರೆ ಮೂಲ ಸರ್ವರ್‌ಗಳ ಪಟ್ಟಿ ಕೊಡು ಅಂತ. ಹಳೇ ಸರ್ವರ್‌ಗಳು "ನನಗೆ ಗೊತ್ತಿಲ್ಲ, ಬೇಕಾದ್ರೆ ಇವರನ್ನ ಕೇಳು" ಅಂತ ಹದಿಮೂರು ಹೆಸರೂ ವಿಳಾಸವೂ ಒಪ್ಪಿಸೋವು. ಅತಿ ವಿನಯ. ಕಳ್ಳ ಆ ವಿನಯವನ್ನೇ ದೊಡ್ಡ ಪಾರ್ಸೆಲ್ ಮಾಡ್ಕೊಂಡಿದ್ದ.

— ಹಾಗಾದ್ರೆ ನನ್ನ 412 ಕೇರಿ?

— ಎಲ್ಲ ತೆಗಿ. ಸ್ಕ್ರಿಪ್ಟನ್ನೂ ನಿಲ್ಲಿಸು. ಬೆಳಗ್ಗೆಯಿಂದ ಯಾರಾದ್ರೂ ಸೈಟ್ ತೆರೀತಿಲ್ಲ ಅಂದ್ರಾ?

— ನಮ್ಮ ಮಾವ ಅಂದ್ರು. ಅವರ ಫೋನಲ್ಲಿ ಬರ್ತಿಲ್ಲ, ನನ್ನದರಲ್ಲಿ ಬರ್ತಿದೆ. ನೆಟ್‌ವರ್ಕ್ ಸರಿ ಇಲ್ಲ ಅಂದ್ಕೊಂಡೆ.

— ಅವರ ಮೊಬೈಲ್ ಕಂಪನಿಯ ರಿಸಾಲ್ವರ್ ಇರೋ ಕೇರಿಯನ್ನೇ ನೀನು ಊರ ಹೊರಗೆ ಹಾಕಿರಬೇಕು. ಕಳ್ಳ ಬರೆದದ್ದು ಆ ಕೇರಿಯ ಇನ್ಯಾವುದೋ ಮನೆ ನಂಬರ್. ಒಂದು ರಿಸಾಲ್ವರ್ ಹಿಂದೆ ಲಕ್ಷಾಂತರ ಜನ ಇರ್ತಾರೆ. ಇನ್ನೂ ಕೆಟ್ಟದ್ದು ಯೋಚಿಸು. ನಿಮಿಷಕ್ಕೆ ನೂರು ದಾಟಿದವನನ್ನ ಕಣ್ಣುಮುಚ್ಚಿ ಬ್ಲಾಕ್ ಮಾಡೋ ಸ್ಕ್ರಿಪ್ಟ್ ಇದೆ ಅಂತ ಅವನಿಗೆ ಗೊತ್ತಾಗಿದ್ರೆ? ಕಳಿಸಿದವರು 8.8.8.8 ಅಂತ ಬರೆದು ನೂರೊಂದು ಕಾರ್ಡು ಹಾಕ್ತಿದ್ದ. ನಿನ್ನ ಸರ್ವರ್ ತನ್ನ ಕೆಲಸಕ್ಕೆ ಗೂಗಲ್‌ನ ಆ ರಿಸಾಲ್ವರನ್ನೇ ನೆಚ್ಚಿದ್ರೆ, ನಿನ್ನ ಕಾವಲುಗಾರನೇ ನಿನ್ನ ಬಾವಿಗೆ ಮುಚ್ಚಳ ಹಾಕಿದಂತೆ. ಸುಳ್ಳು ವಿಳಾಸದ ಆಟದಲ್ಲಿ ವಿಳಾಸ ನೋಡಿ ಶಿಕ್ಷೆ ಕೊಡೋಕೆ ಹೋದ್ರೆ ಕೋಲು ಕಳ್ಳನ ಕೈಗೇ ಕೊಟ್ಟ ಹಾಗೆ.

— ಹಾಗಾದ್ರೆ ನಾಳೆ ಅವನು ನಮ್ಮದೇ ಡೊಮೇನ್ ಹೆಸರು ಹಾಕಿ ಕೇಳಿದ್ರೆ? ಅದಕ್ಕೆ ಉತ್ತರ ಕೊಡಲೇಬೇಕಲ್ಲ ನಾನು.

— ಇದಕ್ಕೆ ಪಾಲ್ ವಿಕ್ಸಿ, ವರ್ನನ್ ಶ್ರೈವರ್ 2012ರಲ್ಲಿ ಒಂದು ಉಪಾಯ ಮಾಡಿದ್ರು. ನನಗೆ ತುಂಬ ಇಷ್ಟ ಅದು. ಉತ್ತರಕ್ಕೆ ಮಿತಿ, ಪ್ರಶ್ನೆಗಲ್ಲ. ಒಂದೇ ಕೇರಿಗೆ ಒಂದೇ ಉತ್ತರ ಸೆಕೆಂಡಿಗೆ ಇಂತಿಷ್ಟಕ್ಕಿಂತ ಹೆಚ್ಚು ಹೋಗ್ತಿದೆ ಅಂದ್ರೆ ಸರ್ವರ್‌ಗೆ ಅನುಮಾನ ಬರುತ್ತೆ. ನಿಜವಾದ ರಿಸಾಲ್ವರ್ ಒಮ್ಮೆ ಕೇಳಿದ್ದನ್ನ ನೆನಪಿಟ್ಕೊಳ್ಳುತ್ತೆ, ಪದೇಪದೇ ಕೇಳಲ್ಲ. ಆಗ ಸರ್ವರ್ ಎರಡರಲ್ಲಿ ಒಂದು ಪ್ರಶ್ನೆಗೆ ಮೌನ. ಇನ್ನೊಂದಕ್ಕೆ ಖಾಲಿ ಉತ್ತರ, ಅದರ ಮೇಲೆ ಒಂದು ಗುರುತು, "ಇದರಲ್ಲಿ ಹಿಡಿಸಲಿಲ್ಲ, ಟಿಸಿಪಿಯಲ್ಲಿ ಬಂದು ಕೇಳು".

— ಟಿಸಿಪಿಯಲ್ಲಿ ಮೂರು ಮಾತು ಆಡಬೇಕು.

— ಆಡಬೇಕು. ಮೇಷ್ಟ್ರ ಕೇರಿಯಲ್ಲಿರೋ ನಿಜವಾದ ಗಿರಾಕಿ ಟಿಸಿಪಿಯಲ್ಲಿ ಬಂದು ಉತ್ತರ ತಗೊಂಡು ಹೋಗ್ತಾನೆ. ಕಳ್ಳ ಬರೋಕಾಗಲ್ಲ, ಅವನಿಗೆ ಆ ಖಾಲಿ ಚೀಟಿ ತಲುಪೋದೂ ಇಲ್ಲ. ಯಾರು ಕಳ್ಳ, ಯಾರು ಗಿರಾಕಿ ಅಂತ ಸರ್ವರ್ ತೀರ್ಮಾನ ಮಾಡಲೇ ಇಲ್ಲ ನೋಡು. ಪೂರ್ತಿ ಮೌನ ಇದ್ದಿದ್ರೆ ಮೇಷ್ಟ್ರ ಕೇರಿಗೆ ನಿನ್ನ ಸೈಟೇ ಇಲ್ಲ ಅನ್ನೋ ಹಾಗಾಗ್ತಿತ್ತು. ಬೈಂಡ್‌ನಲ್ಲಿ 'ರೇಟ್ ಲಿಮಿಟ್' ಅಂತ ಇರುತ್ತೆ, ಹಾಕು. ಅಲ್ಲೇ 'ಮಿನಿಮಲ್ ಎನಿ' ಅಂತಿದೆ, ಅದಕ್ಕೂ ಹೂಂ ಅನ್ನು, ಎಲ್ಲ ಕೊಡು ಅಂದವನಿಗೆ ಒಂದು ಚೂರು ಕೊಟ್ಟು ಕಳಿಸುತ್ತೆ. 2019ರಲ್ಲಿ ಅದು ಆರ್‌ಎಫ್‌ಸಿ 8482 ಆಗಿ ಶಾಸ್ತ್ರೋಕ್ತವೂ ಆಯ್ತು. ಯುಡಿಪಿ ಉತ್ತರದ ಗರಿಷ್ಠ ಅಳತೆ 1232ಕ್ಕೆ ಇಳಿಸು.

— 1232? ಇದೇನು ವಿಚಿತ್ರ ಸಂಖ್ಯೆ.

— ಐಪಿವಿ6ನಲ್ಲಿ ಒಡೆಯದೆ ಹೋಗೋ ಪ್ಯಾಕೆಟ್‌ನ ಖಾತ್ರಿ ಅಳತೆ 1280. ತಲೆಪಟ್ಟಿಗೆ 40, ಯುಡಿಪಿಗೆ 8 ಕಳಿ. 2020ರಲ್ಲಿ ಡಿಎನ್‌ಎಸ್ ತಂತ್ರಾಂಶ ಮಾಡೋರೆಲ್ಲ ಸೇರಿ ಒಪ್ಕೊಂಡ ಲೆಕ್ಕ.

— ಹಾಕಿದೆ. ಇನ್ನೊಂದು. ರಾತ್ರಿ ಮೂರು ಗಂಟೆಗೆ ಕರ್ನಲ್ ಏನೋ ಕೂಗ್ತಿತ್ತು, 'ಟೇಬಲ್ ಫುಲ್' ಅಂತ. ಆಗ ಸೈಟ್ ಹತ್ತು ನಿಮಿಷ ನಿಂತೇ ಹೋಯ್ತು.

— ಅದು ಫೈರ್‌ವಾಲ್‌ನ ಖಾತೆ ಪುಸ್ತಕ. ಯಾರು ಏನು ಕೇಳಿದ್ರು ಅಂತ ಒಂದೊಂದು ಪ್ರಶ್ನೆಗೂ ಒಂದೊಂದು ಸಾಲು ಬರೀತಾ ಹೋಗುತ್ತೆ. ಲಕ್ಷ ಸುಳ್ಳು ಕಾರ್ಡು ಬಂದ್ರೆ ಪುಸ್ತಕ ತುಂಬಿ, ಆಮೇಲೆ ಬಂದ ನಿಜವಾದವರೂ ವಾಪಸ್. 53ನೇ ಪೋರ್ಟಿನ ಯುಡಿಪಿಯನ್ನ ಆ ಪುಸ್ತಕದಿಂದ ಬಿಡಿಸಬೇಕು, 'ನೋಟ್ರ್ಯಾಕ್' ಅಂತ. ಬಂದಾಗಲೂ, ಹೋಗುವಾಗಲೂ.

— ಮತ್ತೆ ಬೆಳಗ್ಗೆ ಐದಕ್ಕೆ ಡಿಸ್ಕ್ ತುಂಬಿತು.

— ಕ್ವೆರಿ ಲಾಗ್ ಹಾಕಿ ಮರೆತಿದ್ಯಾ?

— ಹೂಂ. ಬಹುಪಾಲು ಅಳಿಸಿಬಿಟ್ಟೆ.

— ಅಯ್ಯೋ, ಅಳಿಸಬಾರದಿತ್ತು. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸರ್ಟ್-ಇನ್ ಹೊರಡಿಸಿದ ನಿರ್ದೇಶನ ಇದೆ, ಲಾಗ್‌ಗಳನ್ನ 180 ದಿನ ಇಟ್ಟಿರಬೇಕು, ಇಂಥ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ತಿಳಿಸಬೇಕು. ಡಿಎನ್‌ಎಸ್ ಸರ್ವರ್ ಮೇಲಿನ ದಾಳಿ ಅಂತ ಆ ಪಟ್ಟಿಯಲ್ಲೇ ಇದೆ. ನಿನ್ನ ಆರು ಗಂಟೆ ನಿನ್ನೆ ರಾತ್ರಿಯೇ ಮುಗೀತು. ಇವತ್ತಾದ್ರೂ ಸೊಸೈಟಿಯವರನ್ನ ಕೂರಿಸ್ಕೊಂಡು ಬರಿ. ಉಳಿದ ಲಾಗ್ ಬೇರೆ ಡಿಸ್ಕಿಗೆ ಹಾಕು. ಬಾಡಿಗೆ ಕಂಪನಿಯವರಿಗೂ ಏನು ಮಾಡಿದೆ ಅಂತ ನಾಲ್ಕು ಸಾಲು ಉತ್ತರ ಹಾಕು, ಲೈನ್ ತೆಗೆಯೋಕೆ ಮುಂಚೆ.

— ಬರೀತೀನಿ. ಉಳಿದಿರೋ ಲಾಗಲ್ಲಿ ಇನ್ನೂ ಕೆಲವು ಅನುಮಾನದ ಸಾಲು ಗುರುತು ಮಾಡಿದ್ದೆ, ನೋಡಿಬಿಡಿ. ಇದು, ನಮ್ಮ ಸರ್ವರೇ ದಿನವಿಡೀ ಹಿಂದುಮುಂದಾದ ವಿಳಾಸ ಕೇಳ್ತಿದೆ, ಕೊನೆಗೆ ಸ್ಪ್ಯಾಮ್‌ಹೌಸ್ ಹೆಸರು. ಈಗ ಹೇಳಿದ್ರಲ್ಲ, ಅದೇ.

— ನಿನ್ನ ಮೇಲ್ ಸರ್ವರ್. ಬಂದ ಪ್ರತಿ ಮೇಲ್ ಕಳಿಸಿದವನು ಪಟ್ಟಿಯಲ್ಲಿದ್ದಾನಾ ಅಂತ ಕೇಳ್ತಿದೆ. ಬಿಡು ಅದನ್ನ.

— ಇದು? ಹೆಸರಿನ ಮುಂದೆ ಅರವತ್ತು ಅಕ್ಷರದ ಗೊಜ್ಜು.

— ಒಂದು ಭಾಗಕ್ಕೆ 63 ಅಕ್ಷರ ಮಿತಿ, ಅದರ ಅಂಚಿಗೇ ತುಂಬಿಸಿದ್ದಾರೆ ಅಂದ್ರೆ ಒಮ್ಮೆ ನಿಂತು ನೋಡಲೇಬೇಕು. ಯಾರೋ ಡಿಎನ್‌ಎಸ್ ಹೆಸರಿನೊಳಗೆ ಮಾಹಿತಿ ಮಡಿಸಿ ಹೊರಗೆ ಸಾಗಿಸ್ತಿರಬಹುದು, ಬೆಲ್ಲದ ಡಬ್ಬಿಯಲ್ಲಿ ಒಡವೆ ಇಟ್ಟು ಕಳಿಸಿದ ಹಾಗೆ. ಆದ್ರೆ ಕೆಲವು ಆಂಟಿವೈರಸ್‌ಗಳೂ ಫೈಲಿನ ಗುರುತು ಹೀಗೇ ಕೇಳ್ತಾವೆ. ಎಷ್ಟು ಸಲ ಕೇಳಿದೆ?

— ಮೂರು ಸಲ. ಆಮೇಲೆ ಇಲ್ಲ.

— ಸಾಗಾಣಿಕೆ ಆಗಿದ್ರೆ ಸಾವಿರಾರು ಇರ್ತಿತ್ತು, ಪ್ರತಿ ಸಲ ಬೇರೆ ಗೊಜ್ಜು, ಕೊನೆಯ ಡೊಮೇನ್ ಮಾತ್ರ ಒಂದೇ. ಗುರುತು ಹಾಕಿಡು, ನಾಳೆ ಮತ್ತೆ ನೋಡು. ನಮ್ಮದೇ ಡೊಮೇನ್ ಮುಂದೆ ಇಂಥ ಗೊಜ್ಜು ಹಾಕಿ ಹೊರಗಿನವರು ಕೇಳೋಕೆ ಶುರು ಮಾಡಿದ್ರೆ ಮಾತ್ರ ನನಗೆ ಫೋನ್ ಮಾಡು. ಇಲ್ಲದ ಹೆಸರುಗಳನ್ನ ಕೇಳಿ ಕೇಳಿ ಶಾನುಭೋಗನಿಗೆ ಉಸಿರುಗಟ್ಟಿಸೋ ದಾಳಿ ಅದು, ಅದರ ಮದ್ದು ಬೇರೆ. ಆಯ್ತಾ? ಕಾಫಿ ಆರ್ತಿದೆ.

— ಇನ್ನೊಂದೇ. ಇದಕ್ಕಂತೂ ರಾತ್ರಿಯೇ ಫೈರ್‌ವಾಲ್‌ನಲ್ಲಿ ಬೇರೆ ನಿಯಮ ಹಾಕಿದ್ದೀನಿ, ಪ್ರಶ್ನೆಯಲ್ಲಿ ಈ ಅಕ್ಷರ ಕಂಡ್ರೆ ಅಲ್ಲೇ ಬಿಸಾಕು ಅಂತ. ನೋಡಿ, 'ಎಕ್ಸ್ಎನ್', ಎರಡು ಅಡ್ಡಗೆರೆ, ಆಮೇಲೆ ಅರ್ಥವಿಲ್ಲದ ಅಕ್ಷರ, ಚುಕ್ಕಿ, ಮತ್ತೆ 'ಎಕ್ಸ್ಎನ್', ಎರಡು ಅಡ್ಡಗೆರೆ. ಒಂದೇ ಹೆಸರು, ದಿನಕ್ಕೆ ನೂರಾರು ಸಲ, ಎಲ್ಲ ಕರ್ನಾಟಕದ ವಿಳಾಸದಿಂದ.

— ಪೋರ್ಟು?

— ಬೇರೆ ಬೇರೆ.

— ಟಿಟಿಎಲ್?

— ಅದೂ ಬೇರೆ ಬೇರೆ.

— ಡಿಎನ್‌ಎಸ್‌ನಲ್ಲಿ ಹೆಸರು ಬರೆಯೋಕೆ ರೂಢಿಯಲ್ಲಿರೋದು ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ, ಅಷ್ಟೇ. ಬೇರೆ ಲಿಪಿಯ ಹೆಸರನ್ನ ಬ್ರೌಸರ್ ಹೀಗೆ ಬದಲಾಯಿಸಿ ಕಳಿಸುತ್ತೆ. ಕೊನೆಯಲ್ಲಿರೋದು ಕನ್ನಡ ಲಿಪಿಯ 'ಭಾರತ'. ಅದರ ಹಿಂದಿನದ್ದು ಏನು ಅಂತ ಈಗ ಈ ಲಿಪಿ ಬದಲಾಯಿಸೋ ಪುಟದ ಪೆಟ್ಟಿಗೆಯಲ್ಲಿ ಹಾಕಿದ್ರೆ... ಓದು.

— ಅಯ್ಯೋ. ಇದು ನಮ್ಮ ಸೊಸೈಟಿ ಹೆಸರು.

— ಕನ್ನಡದಲ್ಲಿ ವಿಳಾಸ ತಗೊಂಡಿದ್ರಾ?

— ಎರಡು ವರ್ಷದ ಹಿಂದೆ ಕಾರ್ಯದರ್ಶಿಗಳು ಹಠ ಹಿಡಿದು ತರಿಸಿದ್ರು. ರಸೀದಿ ಪುಸ್ತಕದ ಮೇಲೆ, ಗೋದಾಮಿನ ಬೋರ್ಡಿನ ಮೇಲೆ ಎಲ್ಲ ಅದೇ ಹಾಕ್ಸಿದ್ದಾರೆ. ಯಾರು ಟೈಪ್ ಮಾಡ್ತಾರೆ ಅಂತ ನಾನು ನಕ್ಕಿದ್ದೆ.

— ದಿನಕ್ಕೆ ನೂರಾರು ಸಲ ಅಂದ್ಯಲ್ಲ ಈಗ. ಬೆಳಗ್ಗೆಯಿಂದ ಯಾರೂ ದೂರು ಕೊಡಲಿಲ್ವಾ?

— ಕಾರ್ಯದರ್ಶಿಗಳೇ ಎರಡು ಸಲ ಫೋನ್ ಮಾಡಿದ್ರು ಅಕ್ಕ. ನಿಮ್ಮ ಮೊಬೈಲ್ ಹಳೇದಾಯ್ತು, ಹೊಸದು ತಗೊಳ್ಳಿ ಅಂದೆ.